ಹೆಸರಿಲ್ಲದ ರಿವ್ಯೂವರ್

"ಬಗ್ಗಿ ಮೇಡಂ!"

ಡಾಕ್ಟರ್ ಹಂಸ ಬಗ್ಗಿದರು. ಕಬ್ಬಿಣದ ರಾಡ್ ಅವರ ತಲೆಯ ಮೇಲಿಂದ ಹಾದು, ನಿಂತಿದ್ದ ಸ್ಕೂಟರಿನ ಕನ್ನಡಿಗೆ ಬಡಿಯಿತು.

ಮಟಮಟ ಮಧ್ಯಾಹ್ನ. ಶಿವಾಜಿನಗರದ ಗಲ್ಲಿ. ಇಬ್ಬರು ರೌಡಿಗಳು. ಒಬ್ಬನ ಹೊಟ್ಟೆಗೆ ಒದ್ದೆ. ಇನ್ನೊಬ್ಬ ಅರಚಿದ.

"ಲ್ಯಾಪ್‌ಟಾಪ್ ಕೊಟ್ಬಿಡಮ್ಮಾ! ಪೇಪರ್ ಗೀಪರ್ ಬರೆಯೋದು ಬಿಟ್ಬಿಡು!"

ರೌಡಿಯ ಬಾಯಲ್ಲಿ ರಿಸರ್ಚ್ ಪೇಪರ್ ಮಾತು! ಇದನ್ನೂ ಕೇಳಿದ್ದಾಯಿತು.

ಹಂಸರನ್ನು ಎಳೆದುಕೊಂಡು ನನ್ನ ಪರಿಚಯದ ಕಲೀಮುಲ್ಲಾನ ಕಂಪ್ಯೂಟರ್ ರಿಪೇರಿ ಅಂಗಡಿಗೆ ನುಗ್ಗಿ ಶಟರ್ ಎಳೆದೆ.

"ಪೀಛೆ ಬಾಗ್ಲಿದೆ ಭಾಯ್... ಜಲ್ದಿ!" ಅಂದ ಅವನು.

ಹಿಂದಿನ ಬೀದಿಯಲ್ಲಿ ಆಟೋ ಸಿಕ್ಕಿತು.

ನಾನು ಕೆಂಪರಾಜ್, ಸಾರ್. ಹಲಸೂರಿನವನು. ಪ್ರೈವೇಟ್ ಡಿಟೆಕ್ಟಿವ್. ಹಂಸ ನನ್ನ ಕ್ಲೈಂಟ್, ಕಿಡ್ನಿಯ ಸಂಶೋಧಕಿ. ಬಿಪಿಗೆ ಊರೆಲ್ಲ ನುಂಗುತ್ತಿದ್ದ ಒಂದು ಮಾತ್ರೆ ಕಿಡ್ನಿ ಕೆಡಿಸುತ್ತದೆ ಎಂದು ಅವರು ಕಂಡುಹಿಡಿದಿದ್ದರು. ಜರ್ನಲ್‌ಗೆ ಕಳಿಸಿದರೆ ತಡೆ. ಆಮೇಲೆ ಬೆದರಿಕೆ ಕರೆ. ಪೇಪರ್ ಅಚ್ಚಾಗುವವರೆಗೂ ಜನ ನುಂಗುತ್ತಲೇ ಇರುತ್ತಾರೆ.

ನಾವು ಲ್ಯಾಪ್‌ಟಾಪ್ ರಿಪೇರಿಗೆಂದು ಶಿವಾಜಿನಗರಕ್ಕೆ ಬರುವುದನ್ನು ನಾನು ಹೇಳಿದ್ದು ಒಬ್ಬನಿಗೆ ಮಾತ್ರ. ಡಾಕ್ಟರ್ ಮುನಿರಾಜ್! ನಾವಿಬ್ಬರೂ ಒಂದೇ ಬೀದಿಯಲ್ಲಿ ಗೋಲಿ ಆಡಿದವರು. ಅವನೀಗ ಇಂದಿರಾನಗರದಲ್ಲಿ ದೊಡ್ಡ ಡಾಕ್ಟರ್, ದೊಡ್ಡ ಸಂಶೋಧಕ. ಡಾಕ್ಟರ ವಿಷಯ ಡಾಕ್ಟರಿಗೇ ಗೊತ್ತು ಎಂದು ಸಲಹೆ ಕೇಳಿದ್ದೆ.

ಛೆ! ಅವನಾಗಿರಲಾರ...

"ನಿಮ್ಮ ಪೇಪರ್ ತಡೀತಿರೋದು ಯಾರು ಮೇಡಂ?" ಆಟೋದಲ್ಲಿ ಕೇಳಿದೆ.

"ರಿವ್ಯೂವರ್. ಓದಿ ಪಾಸೋ ಫೇಲೋ ಹೇಳೋರು. ಅವರ ಹೆಸರು ನಮಗೆ ತಿಳಿಸಲ್ಲ."

"ಏನಂತೆ?"

"ಪುರಾವೆ ಸಾಲ್ದಂತೆ. ಜೊತೆಗೆ, ಹಳೇ ನಾಲ್ಕು ಪೇಪರ್ ಹೆಸರಿಸಲೇಬೇಕಂತೆ."

"ಅದ್ರಿಂದ ಯಾರಿಗೆ ಲಾಭ?"

"ಅವನ್ನ ಬರೆದವರಿಗೆ. ನಾವು ಹೆಸರಿಸಿದ್ರೆ ಅವರಿಗೊಂದು ಸೈಟೇಶನ್. ಅದು ಏರಿದಷ್ಟೂ ಪ್ರಮೋಷನ್, ಪ್ರಶಸ್ತಿ..."

"ನಾಲ್ಕೂ ಯಾರದ್ದು?"

ಅವರು ತಡವರಿಸಿದರು. "ಬರೀ ಅನುಮಾನ ಅಂತ ಸುಮ್ಮನಿದ್ದೆ. ನಿಮ್ಮ ಸ್ನೇಹಿತರು ಬೇರೆ... ನಾಲ್ಕೂ ಮುನಿರಾಜ್ ಅವರದ್ದೇ."

ಹೆಸರು ಮುಚ್ಚಿಕೊಂಡು ಕತ್ತು ಕುಯ್ಯಲು ಕೂತವನು! ಅಲ್ಲೂ ತನ್ನ ಸೈಟೇಶನ್ ಆಸೆ ಬಿಡಲಾಗದೆ ಸಿಕ್ಕಿಬಿದ್ದಿದ್ದ.



ಆಟೋ ಇಂದಿರಾನಗರಕ್ಕೆ ತಿರುಗಿಸಿದೆ. ಹಂಸ ಹೊರಗೇ ಉಳಿದರು. ಮೊಬೈಲಿನ ರೆಕಾರ್ಡರ್ ಒತ್ತಿ ಜೇಬಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ನುಗ್ಗಿದೆ.

"ರೌಡಿಗಳನ್ನ ಬಿಟ್ಟಿದ್ದು ನೀನಾ?"

ಮುನಿರಾಜ್ ಬೆವರಿದ. "ಮಗಾ... ಹೆದರಿಸಿ ಅಂದಿದ್ದೆ, ಅಷ್ಟೇ."

"ಆ ರಿವ್ಯೂವರ್ರೂ ನೀನೇನಾ?"

"ಹೂಂ ಕಣೋ! ಆ ಮಾತ್ರೆ ಒಳ್ಳೇದು ಅಂತ ಬರೆದೇ ಇಷ್ಟೆತ್ತರ ಬಂದಿದ್ದು ನಾನು. ಸಾವಿರಾರು ಜನ ನನ್ನ ಸೈಟ್ ಮಾಡಿದಾರೆ ಕೆಂಪ! ಅವಳ ಪೇಪರ್ ಬಂದ್ರೆ ನಾನು ಮುಗಿದೆ."

ಅವನ ಮೇಜಿನ ಮೇಲೆ ಆ ಮಾತ್ರೆಯ ಪಟ್ಟಿ ಬಿದ್ದಿತ್ತು, ನನ್ನ ಅಮ್ಮ ದಿನಾ ನುಂಗುವುದೂ ಅದೇ!

"ಆ ಪೇಪರ್ ಓದಿದ್ಮೇಲೂ ನಮ್ಮಮ್ಮನಿಗೆ ಅದೇ ಮಾತ್ರೆ ಬರ್ಕೊಡ್ತಿದ್ಯಲ್ಲೋ..."

ಅವನು ಆ ಪಟ್ಟಿಯನ್ನು ಡ್ರಾಯರಿಗೆ ತಳ್ಳಿದ.

ನನ್ನ ತಾಯಿ ಅಣ್ಣಮ್ಮ ಅವನಿಗೂ ನನಗೂ ಒಂದೇ ತಟ್ಟೆಯಲ್ಲಿ ಕಲೆಸಿ ಉಣ್ಣಿಸಿದವಳು. ಉಂಡ ಮನೆಗೆ ಎರಡು ಬಗೆದಿದ್ದ! ಹೊಡೆಯಲು ಎತ್ತಿದ ಕೈ ಇಳಿಸಿದೆ. ಅಳು ಬಂತು ಸಾರ್. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೊರಗೆ ಹಂಸ ರೆಕಾರ್ಡಿಂಗ್ ಕೇಳಿದರು.

"ಎಡಿಟರ್‌ಗೂ ಪೊಲೀಸ್‌ಗೂ ಕಳಿಸ್ತೀನಿ."

"ಕಳ್ಸಿ. ಆದ್ರೆ ನಿಮ್ಮ ಪೇಪರಲ್ಲಿ ಅವನ ಆ ನಾಲ್ಕನ್ನೂ ಹೆಸರಿಸಿ ಮೇಡಂ. ಒಂದೊಂದೂ ಎಲ್ಲಿ ತಪ್ಪು ಅಂತ ಬಿಡಿಸಿ ಬರೀರಿ."

ಎಡಿಟರ್ ಬೇರೆ ರಿವ್ಯೂವರನ್ನು ಹಾಕಿದರು. ಪೇಪರ್ ಅಚ್ಚಾಯಿತು. ಮಾತ್ರೆ ಅಂಗಡಿಗಳಿಂದ ಹೊರಬಿತ್ತು. ಅಮ್ಮನಿಗೆ ಮಾತ್ರ ತಡವಾಗಿತ್ತು, ಈಗ ಡಯಾಲಿಸಿಸ್.

ಮುನಿರಾಜನ ಸೈಟೇಶನ್ನಾ? ಏರುತ್ತಲೇ ಇದೆ ಸಾರ್! ಆ ಮಾತ್ರೆಯನ್ನು ಬೈದು ಬರೆಯುವವರೆಲ್ಲ ಮೊದಲು ಅವನ ಹೆಸರು ಬರೆಯಬೇಕು... ಎಣಿಸುವ ಕಂಪ್ಯೂಟರಿಗೆ ಹೊಗಳಿದರೂ ಒಂದೇ, ಉಗಿದರೂ ಒಂದೇ!