ನಿದ್ದೆಯಲ್ಲಿ ಓಡಿದವರು

ಬೆಳಗಿನ ಜಾವ ನಾಲ್ಕೂವರೆಗೆ ವಿಮಲಾಕ್ಷಿಯ ಕಾಲುಗಳು ಎದ್ದವು. ವಿಮಲಾಕ್ಷಿ ಏಳಲಿಲ್ಲ. ಕತ್ತಿನ ಹಿಂಭಾಗಕ್ಕೆ ಅಂಟಿಕೊಂಡಿದ್ದ ಬೆರಳಗಲದ ಪಟ್ಟಿ ಸಣ್ಣಗೆ ಮಿಡಿಯಿತು. ದೇಹ ಹಾಸಿಗೆಯಿಂದ ಇಳಿಯಿತು, ಬೂಟಿಗೆ ಕಾಲು ತೂರಿಸಿತು. ಪಕ್ಕದಲ್ಲಿ ಗಂಡ ಶಿವನಂಜಪ್ಪನ ದೇಹವೂ ಎದ್ದಿತು. ಇಬ್ಬರೂ ಕಣ್ಣು ತೆರೆದುಕೊಂಡು, ಗಾಢ ನಿದ್ದೆಯಲ್ಲೇ ಮೆಟ್ಟಿಲಿಳಿದು, ತುಮಕೂರಿನ ಅಂಚಿನ ಕೆರೆಯ ಏರಿಯತ್ತ ಓಡತೊಡಗಿದರು.

ಪಟ್ಟಿಯ ಹೆಸರು ನಿದ್ರಾಚಾಲಕ. ಅದು ಬಂದದ್ದಕ್ಕೆ ಕಾರಣವಿತ್ತು. ಕಾರ್ಖಾನೆ, ಕಚೇರಿ, ಡಿಪೋಗಳೆಲ್ಲ ಕೆಲಸಕ್ಕೆ ಮುನ್ನ ಒಂದು ಗಂಟೆಯ ವ್ಯಾಯಾಮವನ್ನು ಕಡ್ಡಾಯ ಮಾಡಿದ್ದವು. ದೇಹಕ್ಷಮತೆಯ ಅಂಕ ಇಳಿದವರಿಗೆ ಗೇಟು ತೆರೆಯುತ್ತಿರಲಿಲ್ಲ. ಹನ್ನೆರಡು ಗಂಟೆ ದುಡಿದು ಬಂದವರು ಜಾವದಲ್ಲೆದ್ದು ಓಡುವುದಾದರೂ ಹೇಗೆ? ಆ ತೊಡಕನ್ನು ವಿಜ್ಞಾನಿಗಳು ಬಿಡಿಸಿದರು. ನಿದ್ರಾಚಾಲಕವು ಮಿದುಳನ್ನು ನಿದ್ದೆಯಲ್ಲೇ ಹಿಡಿದಿಟ್ಟು, ಬೆನ್ನುಹುರಿಯ ಮೂಲಕ ಸ್ನಾಯುಗಳಿಗೆ ತಾನೇ ಸಂಕೇತ ಕಳಿಸುತ್ತಿತ್ತು. ಮಲಗಿದವರು ಆರಕ್ಕೆ ತಮ್ಮ ಹಾಸಿಗೆಯ ಮೇಲೆ ಕಣ್ಣುಬಿಟ್ಟಾಗ ಮೈ ಬೆವರಿರುತ್ತಿತ್ತು, ಮನಸ್ಸು ಹಗುರಾಗಿರುತ್ತಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಶಿವನಂಜಪ್ಪ, "ಇದ್ನ ಕಂಡುಹಿಡಿದೋನ ಹೊಟ್ಟೆ ತಣ್ಣಗಿರ್ಲಿ," ಎನ್ನುತ್ತಿದ್ದ.

ಆ ದಿನ ವಿಮಲಾಕ್ಷಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ಹಾಲು ತರಲು ಹೋಗಿರಬೇಕೆಂದುಕೊಂಡು ಕಾಫಿಗೆ ನೀರಿಟ್ಟಳು. ನೀರು ಮರಳುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಏರಿಯ ಬಳಿ ಹೂವು ಮಾರುವ ಸಾಕಮ್ಮ, ಸೆರಗು ಜಾರಿದ್ದೂ ಗೊತ್ತಿಲ್ಲದಂತೆ ಏದುಸಿರು ಬಿಡುತ್ತ ನಿಂತಿದ್ದಳು.

"ನಿನ್ ಯಜಮಾನ್ರು ಏರಿ ಮೇಲೆ ಬಿದ್ದವ್ರೆ ಕಣವ್ವ. ಆಂಬುಲೆನ್ಸ್‌ನೋರು ಬಂದವ್ರೆ. ಬಾ, ಬೇಗ ಬಾ."

ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿದಿತ್ತು. ಹೃದಯ ನಿಂತದ್ದರಿಂದ ಸಾವು ಎಂದರು ವೈದ್ಯರು. ಬಿದ್ದ ಮೇಲೂ ಇಪ್ಪತ್ತು ನಿಮಿಷವಾದರೂ ಜೀವವಿತ್ತು ಎಂದೂ ಹೇಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ವಿಮಲಾಕ್ಷಿ ಸಾಕಮ್ಮನತ್ತ ತಿರುಗಿದಳು.

"ಇಪ್ಪತ್ತು ನಿಮಿಷ ಯಾರೂ ನೋಡ್ಲಿಲ್ವಾ ಸಾಕಮ್ಮ?"

ಸಾಕಮ್ಮ ಮುಖ ತಿರುಗಿಸಿದಳು. ಆಮೇಲೆ ತಡೆಯಲಾರದೆ ಹೇಳಿದಳು. "ನಾನು ಬರೋದ್ರೊಳಗೆ ಹೊತ್ತಾಗಿತ್ತು ಕಣವ್ವ. ಅಷ್ಟೊಂದು ಜನ ಓಡ್ತಾವ್ರೆ, ಒಬ್ರೂ ನಿಲ್ಲಲಿಲ್ಲ. ನೀನೂ ಬಂದೆ. ನಾನು ಕೂಗ್ದೆ. ನಿನ್ ಕೈ ಹಿಡ್ಕೊಂಡೆ. ನೀನು ಕೊಸರ್ಕೊಂಡು, ಅವ್ರನ್ನ ಬಳಸ್ಕೊಂಡು ಹೋಗ್ಬಿಟ್ಟೆ."

ಆಮೇಲೆ ಎಷ್ಟೋ ದಿನ ವಿಮಲಾಕ್ಷಿ ಆ ಕೈಯನ್ನೇ ನೋಡುತ್ತ ಕೂರುತ್ತಿದ್ದಳು.

ತಿಥಿ ಮುಗಿದ ವಾರಕ್ಕೆ ಮನೆ ಹುಡುಕಿಕೊಂಡು ಒಬ್ಬರು ಬಂದರು. ನರೆತ ಗಡ್ಡ, ಕೈಯಲ್ಲೊಂದು ಕಡತ. "ನಾನು ರಘುವೀರ ಬಲ್ಲಾಳ. ನಿದ್ರಾಚಾಲಕವನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬ. ಕಂಪನಿ ಕಳಿಸಿದ್ದಲ್ಲ, ನಾನಾಗಿಯೇ ಬಂದೆ," ಎಂದರು.

ವಿಮಲಾಕ್ಷಿ ಕುರ್ಚಿ ತೋರಿಸಿದಳು. "ನಮ್ ಯಜಮಾನ್ರು ಬಿದ್ದಾಗ ಅವರ ಪಟ್ಟಿ ಯಾಕೆ ಸುಮ್ನಿತ್ತು ಸಾರ್?"

"ದೇಹ ನಿಂತರೆ ಮನುಷ್ಯ ಎಚ್ಚರಾದ ಅಂತ ಅದು ತಿಳ್ಕೊಳ್ಳುತ್ತೆ ಅಮ್ಮ. ತಾನಾಗಿ ಆಫ್ ಆಗುತ್ತೆ. ಬೇರೆ ಕಾರಣಕ್ಕೂ ನಿಲ್ಲಬಹುದು ಅಂತ ನಮಗೆ ಹೊಳೀಲಿಲ್ಲ."

"ನನ್ನದು?"

"ದಾರೀಲಿ ಏನಾದರೂ ಅಡ್ಡ ಇದ್ದರೆ ಬಳಸಿಕೊಂಡು ಹೋಗಬೇಕು, ಅಷ್ಟೇ ಅದಕ್ಕೆ ಗೊತ್ತು. ಕಲ್ಲಾಗಲಿ, ನಾಯಿಯಾಗಲಿ..."

"ನಾನು ಅವರನ್ನ ಎಷ್ಟು ಸಲ ಬಳಸ್ಕೊಂಡ್ ಹೋದೆ?"

"ಏರಿ ಮೇಲೆ ಆಚೆಗೂ ಈಚೆಗೂ ಓಡುವಾಗ, ಐದು ಸಲ."

ವಿಮಲಾಕ್ಷಿ ಗೋಡೆಗೊರಗಿದಳು. "ಒಂದ್ ಮಾತು ಕೇಳ್ತೀನಿ, ನಿಜ ಹೇಳಿ. ಐದು ಸಲದಲ್ಲಿ ಒಂದು ಸಲನಾದ್ರೂ ನಂಗೆ ಗೊತ್ತಾಗ್ಲಿಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಕಂಪನಿಯ ವರದಿಯಲ್ಲಿ ಇದ್ದದ್ದೂ ಅದೇ. ಆದರೆ ಬಲ್ಲಾಳರು ಕಡತ ಬಿಚ್ಚಿ, ಅವಳ ಪಟ್ಟಿಯಲ್ಲಿ ದಾಖಲಾಗಿದ್ದ ನಾಡಿಯ ರೇಖೆಯನ್ನು ತೋರಿಸಿದರು. ಸಮನಾಗಿ ಸಾಗಿದ್ದ ರೇಖೆ ಐದು ಕಡೆ ಬೆಟ್ಟದಂತೆ ಎದ್ದಿತ್ತು.

"ಆ ಜಾಗಕ್ಕೆ ಬಂದಾಗೆಲ್ಲ ನಿಮ್ಮ ಎದೆ ಹೀಗೆ ಹೊಡ್ಕೊಂಡಿದೆ. ಕಾಲು ನಿಧಾನವಾಗಿದೆ. ಮನಸ್ಸು ನಿದ್ದೆಯಲ್ಲಿದ್ದರೂ ಒಳಗೆ ಏನೋ ಗುರುತು ಹಿಡಿದಿದೆ. ಆದರೆ ನಿದ್ರಾಚಾಲಕ ಅದನ್ನ ಆಯಾಸ ಅಂತ ಲೆಕ್ಕ ಹಾಕಿ, ಸಂಕೇತದ ಬಲ ಹೆಚ್ಚಿಸಿ ಮುಂದಕ್ಕೆ ಓಡಿಸಿದೆ."

ಅವಳು ಆ ಬೆಟ್ಟಗಳ ಮೇಲೆ ಬೆರಳಾಡಿಸಿದಳು. "ಹಂಗಾದ್ರೆ ನಾನು ನಿಲ್ಲಕ್ಕೆ ನೋಡಿದೀನಿ."

"ಹೌದು."

"ನೀವು ನಿಲ್ಲಕ್ಕೆ ಬಿಡ್ಲಿಲ್ಲ."

ಬಲ್ಲಾಳರು ಕಡತ ಕಟ್ಟಿಕೊಂಡು ಎದ್ದರು. ಅವರು ಹೋದ ಮೇಲೆ, ಗಂಡ ಸತ್ತಂದಿನಿಂದ ಬಾರದಿದ್ದ ಅಳು ಅವಳಿಗೆ ಒಮ್ಮೆಗೇ ಬಂತು.

ನಿದ್ರಾಚಾಲಕವನ್ನು ಹಿಂತೆಗೆದುಕೊಳ್ಳಬೇಕೆಂದು ಬಲ್ಲಾಳರು ಬರೆದ ಪತ್ರಕ್ಕೆ ಕಂಪನಿ ಉತ್ತರಿಸಲಿಲ್ಲ. ಪಟ್ಟಿಯಿಲ್ಲದೆ ಕೆಲಸ ಉಳಿಯದ ಜನರೂ ಅದನ್ನು ಬಿಡಲಿಲ್ಲ. ವಿಮಲಾಕ್ಷಿ ಮಾತ್ರ ಕಿತ್ತೆಸೆದಳು. ಅಂಕ ಇಳಿದು, ದುಡಿಯುತ್ತಿದ್ದ ಗಾರ್ಮೆಂಟ್ಸಿನ ಗೇಟು ಅವಳಿಗೆ ಮುಚ್ಚಿತು. ಮನೆಯಲ್ಲೇ ರವಿಕೆ ಹೊಲಿಯತೊಡಗಿದಳು. ಆದರೆ ನಾಲ್ಕೂವರೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಒಂದು ಜಾವ, ಮಲಗಿರಲಾರದೆ, ಏರಿಗೆ ಹೋಗಿ ಗಂಡ ಬಿದ್ದ ಜಾಗದಲ್ಲಿ ಕೂತಳು.

ಎಚ್ಚರದ ಕಣ್ಣಿಂದ ಅವಳು ಆ ಓಟವನ್ನು ನೋಡಿದ್ದು ಅದೇ ಮೊದಲು. ಇನ್ನೂರು ಮುನ್ನೂರು ಜನ. ಮಾತಿಲ್ಲ, ಕೆಮ್ಮಿಲ್ಲ. ತೆರೆದ ಕಣ್ಣುಗಳಲ್ಲಿ ಯಾರೂ ಇರಲಿಲ್ಲ. ಮುಂದೆ ದಿನಾ ಬಂದು ಕೂತಳು.

ಇಪ್ಪತ್ತನೆಯ ದಿನವೋ ಏನೋ, ಬ್ಯಾಂಕಿನ ಕಾವಲುಗಾರ ತಿಪ್ಪೇಸ್ವಾಮಿಯ ಹೆಜ್ಜೆ ತಡವರಿಸಿದ್ದು ಕಂಡಿತು. ಕಾಲು ನಿಧಾನವಾಯಿತು, ಮರುಕ್ಷಣ ಯಾರೋ ಬೆನ್ನಿಗೆ ತಳ್ಳಿದಂತೆ ಮುಂದಕ್ಕೆ ನುಗ್ಗಿತು. ವಿಮಲಾಕ್ಷಿ ಓಡಿಹೋಗಿ ಅವನ ಕತ್ತಿನ ಪಟ್ಟಿ ಕಿತ್ತಳು. ಅವನು ಕುಸಿದು ಕೂತು, ಎಡ ತೋಳು ಹಿಡಿದುಕೊಂಡೇ ರೇಗಿದ: "ಯಾರ್ರೀ ನೀವು? ಇವತ್ತಿನ ಅಂಕ ಹೋಯ್ತಲ್ರೀ!"

ಆಸ್ಪತ್ರೆಯಲ್ಲಿ ಅವನ ಹೃದಯದ ರಕ್ತನಾಳ ಕಟ್ಟಿರುವುದು ಗೊತ್ತಾಯಿತು. ಅವನು ಕೃತಜ್ಞತೆ ಹೇಳಲು ಬರಲಿಲ್ಲ. ಬಂದವಳು ಅವನ ಹೆಂಡತಿ. ಅದೇ ಏರಿಯ ಮೇಲೆ ಅವಳ ತಮ್ಮನೂ ಓಡುತ್ತಿದ್ದ. ಒಂದು ಸ್ಟೂಲು ತಂದು ವಿಮಲಾಕ್ಷಿಯ ಪಕ್ಕ ಹಾಕಿಕೊಂಡು ಕೂತಳು. ಮರುದಿನ ಇನ್ನೊಬ್ಬಳು. ಹೀಗೆ ಸುದ್ದಿ ಹಬ್ಬಿ, ವರ್ಷ ತುಂಬುವುದರೊಳಗೆ ಓಡುವವರ ಮನೆಗಳಿಂದ ಒಬ್ಬೊಬ್ಬರು, ಅಜ್ಜಿಯೋ ಅತ್ತೆಯೋ ಹೆಂಡತಿಯೋ, ಶಾಲು ಹೊದ್ದು ಏರಿಯುದ್ದಕ್ಕೂ ಕೂರುವಂತಾಯಿತು.

ಚಳಿಗಾಲದ ಒಂದು ಜಾವ ಬಲ್ಲಾಳರು ಬಂದರು. ಸಾಲಾಗಿ ಕೂತವರನ್ನು ನೋಡುತ್ತ ನಿಂತುಬಿಟ್ಟರು.

"ಬೆಳಗ್ಗೆ ಇಷ್ಟು ಬೇಗ ಯಾರೂ ಏಳೋದು ಬೇಡ ಅಂತಲೇ ಇದನ್ನ ಮಾಡಿದ್ದು," ಎಂದರು.

"ಈಗ ಅರ್ಧ ಊರು ಎದ್ದು ಕೂತೈತೆ ಸಾರ್. ನಿದ್ದೆಗೆಟ್ಟು ಇವರೂ ಸೊರಗ್ತಾವ್ರೆ."

ಬಲ್ಲಾಳರು ಅವಳ ಪಕ್ಕದ ಕಲ್ಲಿನ ಮೇಲೆ ಕೂತರು. "ಓಡೋರಲ್ಲಿ ಈಗ ನಿಮ್ಮೋರು ಯಾರಿದ್ದಾರೆ?"

"ಯಾರೂ ಇಲ್ಲ ಸಾರ್."

ಆಚೆಯ ತಿರುವಿನಲ್ಲಿ, ಮಂಜಿನೊಳಗೆ, ಒಬ್ಬ ಹುಡುಗಿಯ ಹೆಜ್ಜೆ ನಿಧಾನವಾಗುತ್ತಿತ್ತು. ವಿಮಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.