ಖಾಲಿ ಸೈಟಿನ ಅಣ್ಣೆ ಸೊಪ್ಪು

ಯಶೋದಮ್ಮನಿಗೆ ಬಗ್ಗುವ ಹಾಗಿರಲಿಲ್ಲ. ಬಲಗಣ್ಣಿನ ಪೊರೆ ತೆಗೆದು ಹತ್ತು ದಿನವಾಗಿತ್ತು. ಒಂದು ತಿಂಗಳು ತಲೆ ತಗ್ಗಿಸಬೇಡಿ ಎಂದು ಡಾಕ್ಟರ್ ಹೇಳಿದ್ದರು.

ಹಾಗಾಗಿ ಬಗ್ಗುತ್ತಿದ್ದವಳು ಮೊಮ್ಮಗಳು ಕುಸುಮಾ. ಕೆಂಗೇರಿ ಉಪನಗರದ ಖಾಲಿ ಸೈಟಿನಲ್ಲಿ, ಮೊಣಕಾಲುದ್ದದ ಕಳೆಯ ನಡುವೆ. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಕಲ್ಲಿನ ಮೇಲೆ ನೆಟ್ಟಗೆ ಕೂತಿದ್ದಳು.

"ತುದಿ ಮಾತ್ರ ಚಿವುಟು ಮಗ. ಎರಡೆಲೆ, ಮೂರೆಲೆ. ಬುಡ ಅಲ್ಲಾಡಬಾರದು."

"ಗೊತ್ತಜ್ಜಿ. ನೂರು ಸಲ ಹೇಳಿದೀಯ."

ಮಳೆ ಶುರುವಾಗಿ ಮೂರು ವಾರವಾಗಿತ್ತು. ಸೈಟಿನ ತುಂಬ ಬೆರಕೆ ಸೊಪ್ಪು. ಹೊನಗೊನೆ, ಗಣಿಕೆ, ಯಾರೂ ಬಿತ್ತದ ದಂಟು. ಅಣ್ಣೆ ಸೊಪ್ಪು ಮಾತ್ರ ಒಂದು ಮೂಲೆಯಲ್ಲಿತ್ತು. ಲೇಔಟ್ ಆಗುವ ಮುಂಚೆ ಇದು ಅಜ್ಜಿಯ ಮನೆಯವರ ರಾಗಿ ಹೊಲ. ರಾಗಿ ಸಾಲಿನ ನಡುವೆ ಬರುತ್ತಿದ್ದ ಅಣ್ಣೆ, ರಾಗಿ ಹೋದ ಮೇಲೂ ಬರುತ್ತಿತ್ತು. ಸುತ್ತಲಿನ ಸೈಟುಗಳಲ್ಲಿ ಮನೆ ಎದ್ದಿದ್ದವು. ಅಣ್ಣೆ ಉಳಿದಿದ್ದುದು ಇಲ್ಲೊಂದೇ ಕಡೆ. ಅದಿಲ್ಲದ ಮಸ್ಸೊಪ್ಪನ್ನು ಅಜ್ಜಿ "ಹಸಿರು ನೀರು" ಎನ್ನುತ್ತಿದ್ದಳು.

ಸೈಕಲ್ ಬೆಲ್ ಕೇಳಿಸಿತು. ಕುಸುಮಾಳ ಕ್ಲಾಸಿನ ಕಿಟ್ಟಿ ಟ್ಯೂಷನ್‌ಗೆ ಹೊರಟಿದ್ದ. ಹಿಂದೆ ಇನ್ನೂ ಇಬ್ಬರು.

"ಏನೇ ಕುಸುಮಾ, ಹುಲ್ಲು ಕೀಳ್ತಿದೀಯಾ? ನಿಮ್ಮನೇಲಿ ಹಸು ಇದ್ಯಾ?" ಎಂದ ಕಿಟ್ಟಿ.

"ಇಲ್ಲ ಕಣೋ, ಇವಳೇ ತಿಂತಾಳೆ!" ಎಂದ ಹಿಂದಿದ್ದವನು.

"ಅವರಜ್ಜಿ ನೋಡ್ರೋ, ಕೂಲಿಂಗ್ ಗ್ಲಾಸ್! ಡೈರೆಕ್ಟರ್ ಮೇಡಂ!"

ಅಜ್ಜಿ ನಕ್ಕಳು. ಕುಸುಮಾಳ ಕಿವಿ ಬಿಸಿಯಾಯಿತು.

ಮುಂದಿನ ಶನಿವಾರ ಅವಳು, "ನೀನು ಬರಬೇಡ ಅಜ್ಜಿ. ಕೆಸರಿದೆ, ಜಾರಿ ಬೀಳ್ತೀಯ. ನಾನೇ ತರ್ತೀನಿ" ಎಂದು ಒಬ್ಬಳೇ ಹೋದಳು.

ಐದು ಗಂಟೆಗೆ ಟ್ಯೂಷನ್ ಹುಡುಗರು ಬರುತ್ತಾರೆ. ಆಗಲೇ ಐದಕ್ಕೆ ಹತ್ತು ನಿಮಿಷ. ಒಂದೊಂದೇ ತುದಿ ಚಿವುಟುತ್ತ ಕೂತರೆ ಅರ್ಧ ಗಂಟೆ ಬೇಕು. ಕುಸುಮಾ ಅಣ್ಣೆಯ ಬುಡ ಹಿಡಿದು ಎಳೆದಳು. ಮಳೆಗೆ ನೆಲ ಮೆತ್ತಗಿತ್ತು, ಗಿಡ ಸಲೀಸಾಗಿ ಬಂತು. ಇನ್ನೊಂದು ಎಳೆದಳು. ಮತ್ತೊಂದು. ಚೀಲ ತುಂಬಿತು. ಬೆಲ್ ಕೇಳಿಸುವ ಮೊದಲೇ ಮನೆಗೆ ಓಡಿದಳು.

ಅಜ್ಜಿ ಗೋಡೆಗೊರಗಿ, ಮೊರವನ್ನು ಮಡಿಲಲ್ಲಿಟ್ಟುಕೊಂಡು ಸೊಪ್ಪು ಸೋಸತೊಡಗಿದಳು. ಮುಖ ಬಾಗಿಲ ಕಡೆ, ಕೆಲಸವೆಲ್ಲ ಬೆರಳಿನದು. ಬೆರಳು ನಿಂತವು.

"ಬೇರು ಬಂದೈತೆ."

ಅಜ್ಜಿ ಇನ್ನೊಂದು ಗಿಡ ಮುಟ್ಟಿದಳು. ಮತ್ತೊಂದು.

"ಎಲ್ಲಾದ್ರಲ್ಲೂ ಬೇರು. ಮೂಲೇಲಿ ಏನಾದ್ರೂ ಬಿಟ್ಟಿದೀಯಾ ಮಗ?"

"ಇಲ್ಲ."

"ಒಂದೂ?"

"ಕಿಟ್ಟಿ ಬಂದ್ಬಿಡ್ತಾನೆ ಅಂತ... ಬೇಗ ಬೇಗ..."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಕುಸುಮಾ ತಿರುಗಿ ಏನಾದರೂ ಅನ್ನಬಹುದಿತ್ತು.

"ಚಿವುಟಿದ್ರೆ ಎಂಟು ದಿನಕ್ಕೆ ಚಿಗುರ್ತದೆ. ಆಮೇಲೆ ಹೂ ಬಿಟ್ಟು ಬೀಜ ಉದುರ್ತದೆ. ಅದಕ್ಕೇ ವರ್ಷ ವರ್ಷ ಬತ್ತಾ ಇತ್ತು" ಎಂದಳು. ಆಮೇಲೆ ಕುಸುಮಾಳ ಕೈ ಎಳೆದುಕೊಂಡು, ಅವಳ ಉಗುರಿನ ಸಂದಿಯ ಮಣ್ಣನ್ನು ತನ್ನ ಉಗುರಿನಿಂದ ತೆಗೆದಳು. ಒಂದೊಂದೇ ಬೆರಳು, ನಿಧಾನಕ್ಕೆ.

ಹತ್ತೂ ಬೆರಳು ಮುಗಿದ ಮೇಲೆ ಕುಸುಮಾ ಅಣ್ಣೆ ಗಿಡಗಳನ್ನು ಆರಿಸಿ ಚೀಲಕ್ಕೆ ಹಾಕತೊಡಗಿದಳು.

"ಎಲ್ಲಿಗೆ?"

"ವಾಪಸ್ ನೆಡ್ತೀನಿ."

"ತಾಳು. ಎಲೆ ಭಾರ ಇದ್ರೆ ಬದುಕಲ್ಲ." ಅಜ್ಜಿ ಪ್ರತಿ ಗಿಡದ ತುದಿ ಚಿವುಟಿ ಮೊರಕ್ಕೆ ಹಾಕಿದಳು. ಬೇರನ್ನು ಮೊಮ್ಮಗಳ ಕೈಗೆ ಕೊಟ್ಟಳು.

ಹಳೇ ಸೌಟಿನ ಹಿಡಿಯಿಂದ ಕುಸುಮಾ ಗುಂಡಿ ತೋಡಿದಳು. ಒಂದು ಗುಂಡಿಗೆ ಒಂದು ಗಿಡ. ಟ್ಯೂಷನ್ ಮುಗಿಸಿ ಕಿಟ್ಟಿಯ ಗುಂಪು ವಾಪಸ್ ಬಂತು.

"ಏನೇ, ಈಗ ಹುಲ್ಲು ನೆಡ್ತಿದೀಯಾ?"

"ಹೂಂ ಕಣೋ, ಹಸುಗೆ. ನೀನೂ ಬಾ, ಮೇಯಿಸ್ತೀನಿ."

ಈ ಸಲ ಜೊತೆಯವರು ಕಿಟ್ಟಿಯನ್ನು ನೋಡಿ ನಕ್ಕರು. ಕುಸುಮಾ ತಲೆ ಎತ್ತಲಿಲ್ಲ. ಬೆಳಕಿರುವಾಗಲೇ ಇನ್ನೂ ಒಂಬತ್ತು ಗುಂಡಿ ಆಗಬೇಕಿತ್ತು.

ಅಂದಿನಿಂದ ಸ್ಕೂಲಿಗೆ ಒಯ್ಯುವ ವಾಟರ್ ಬಾಟಲಿಯ ಅರ್ಧ ನೀರು ಬೆಳಿಗ್ಗೆ ಅಲ್ಲಿಗೆ, ಉಳಿದದ್ದು ಸಂಜೆ.

ತಿಂಗಳು ತುಂಬಿತು. ಬಗ್ಗಬಹುದು ಎಂದರು ಡಾಕ್ಟರ್. ಅಜ್ಜಿ ನೆಟ್ಟಗೆ ಸೈಟಿಗೆ ಬಂದು ಬಗ್ಗಿದಳು. ತುದಿಗೆ ಕೈ ಹಾಕಲಿಲ್ಲ. ಬುಡ ಮುಟ್ಟಿ ನೋಡಿದಳು.

"ಚಿವುಟ್ಲಾ ಅಜ್ಜಿ?"

"ನೀನೇ ನೋಡು."

ಕುಸುಮಾ ಬಹಳ ಹೊತ್ತು ನೋಡಿದಳು. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡಳು.

"ಬೇಡ. ಈ ವರ್ಷ ಹೂ ಬಿಡ್ಲಿ."

ನೆಟ್ಟದ್ದು ಇಪ್ಪತ್ತಮೂರು ಗಿಡ. ಬದುಕಿದ್ದು ಆರು. ಸತ್ತದ್ದು ಹದಿನೇಳು.