ತಿಪ್ಪಯ್ಯ ನಿಂತಿದ್ದ ಜಾಗ

“ನಿಂಗವಳ್ಳಿ ಈಶ್ವರನ ಗುಡೀನ ಕೋಳಿಫಾರಂ ಒಳಗೆ ಕೂರ್ಸಿದ್ದು ನೀವೇನಾ ಮೇಡಂ?”

ದೇವರಾಯನದುರ್ಗದ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ ತನುಶ್ರೀ ತಲೆ ಎತ್ತಿದಳು. ಎದುರಿಗೆ ನಿಂತವನು ಮೊಬೈಲಿನ ಮ್ಯಾಪಿನಲ್ಲಿದ್ದ ಅವಳ ಪುಟ್ಟ ಫೋಟೊವನ್ನೂ ಅವಳ ಮುಖವನ್ನೂ ತಾಳೆ ನೋಡುತ್ತಿದ್ದ.

“ಅಲ್ಲಿ ಕೂರ್ಸಿದ್ದು ಬೇರೆ ಯಾರೋ. ಎಬ್ಬಿಸಿ ಸರಿಯಾದ ಜಾಗಕ್ಕೆ ತಂದಿದ್ದು ನಾನು. ಕೆಳಗಡೆ ಹೆಸರು ನೋಡ್ಬಿಟ್ಟು ಬೈಯೋಕೆ ಬರೋದಲ್ಲ, ಪೂರ್ತಿ ಓದ್ಬೇಕು.”

ಅವನು ಓದಿದ. ಕಿವಿ ಕೆಂಪಾಯಿತು. “ಹಂಗಾದ್ರೆ ಥ್ಯಾಂಕ್ಸ್ ಹೇಳ್ಬೇಕಾಗತ್ತೆ.”

“ಹೇಳಿ, ಕೇಳಿಸ್ಕೊತೀನಿ,” ಎಂದಳು ತನುಶ್ರೀ, ಮಂಡಕ್ಕಿ ಪೊಟ್ಟಣವನ್ನು ಅವನ ಕಡೆ ಚಾಚುತ್ತಾ.

ವಾರವೆಲ್ಲ ತುಮಕೂರಿನ ಒಂದು ವಿಮಾ ಕಚೇರಿಯಲ್ಲಿ ಕುರ್ಚಿ ಸವೆಸುವ ಹುಡುಗಿಗೆ ಭಾನುವಾರ ಬಂದರೆ ಕಾಲಲ್ಲಿ ಚಕ್ರ. ಊರೂರಿನ ಗುಡಿಗಳಿಗೆ ಹೋಗುವುದು, ಫೋಟೊ ತೆಗೆಯುವುದು, ತೆಗೆದ ಜಾಗವನ್ನು ಮ್ಯಾಪಿನಲ್ಲಿ ಗುರುತು ಮಾಡುವುದು. ದೇವರು ಎಲ್ಲಾ ಕಡೆ ಇರಬಹುದು, ದೇವಸ್ಥಾನ ಮಾತ್ರ ಇದ್ದಲ್ಲೇ ಇರಬೇಕು ಎನ್ನುವುದು ಅವಳ ಹಟ.

ಅವನ ಹೆಸರು ಗೋವಿಂದರಾಜು. ಗುಬ್ಬಿಯವನು, ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಜೇಬಿನಿಂದ ಅವನು ಒಂದು ಹಳೇ ಫೋಟೊ ತೆಗೆದ. ಗುಡಿಯ ಮುಂದೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಹಿಂದೆ ಕಲ್ಲಿನ ಬಾಗಿಲು, ಅದರ ಮೇಲೆ ಬಾಗಿ ನಿಂತ ಸೀಳುಬಂಡೆ.

“ನಮ್ಮ ತಾತ ತಿಪ್ಪಯ್ಯ. ಜಗಳ ಮಾಡ್ಕೊಂಡು ಊರು ಬಿಟ್ಟೋರು, ಊರಿನ ಹೆಸರೂ ಎತ್ತಲಿಲ್ಲ. ನಮ್ಮಪ್ಪ ಮಗು ಇದ್ದಾಗ್ಲೇ ತಾತ ತೀರ್ಕೊಂಡ್ರು. ಇದು ನಮ್ಮ ಮನೆದೇವ್ರಂತೆ. ಎಲ್ಲಿದೆ, ಯಾವ ದೇವ್ರು, ಯಾರಿಗೂ ಗೊತ್ತಿಲ್ಲ. ಕಣ್ಮುಚ್ಚೋಕೆ ಮುಂಚೆ ಒಂದ್ಸಲ ಹಣ್ಣುಕಾಯಿ ಮಾಡಿಸ್ಬೇಕು ಅಂತಾಳೆ ನಮ್ಮಮ್ಮ.”

ತನುಶ್ರೀ ಫೋಟೊವನ್ನು ಮೊಬೈಲಿಗೆ ಇಳಿಸಿಕೊಂಡಳು. ಹುಡುಕಿಕೊಡುತ್ತೇನೆ ಎಂದು ಬಾಯಿಂದ ಬಂದೇಬಿಟ್ಟಿತು.

ಆಮೇಲಿನ ಭಾನುವಾರಗಳೆಲ್ಲ ಅವನ ಬೈಕಿನ ಹಿಂದಿನ ಸೀಟಿನವು. ಕಡಬದ ಕೆರೆಯ ಸುತ್ತಲ ಗುಡಿಗಳು, ಗುಬ್ಬಿಯ ತೋಟಗಳ ನಡುವಿನ ಅಮ್ಮಂದಿರು, ಎಡೆಯೂರಿನ ದಾರಿಯ ಬಂಡೆಗಳು. ಒಂದು ಕಡೆ ಬಂಡೆ ಇದ್ದರೆ ಸೀಳಿಲ್ಲ, ಇನ್ನೊಂದು ಕಡೆ ಸೀಳಿದ್ದರೆ ಗುಡಿಯೇ ಇಲ್ಲ. ಬರಿಗೈಯಲ್ಲಿ ವಾಪಸ್ ಬರುವಾಗಲೂ ಇಬ್ಬರ ಮುಖದಲ್ಲಿ ಬೇಜಾರಿನ ಸುಳಿವಿರಲಿಲ್ಲ. ಮೇಡಂ ಹೋಗಿ ತನು ಆಯಿತು, ನೀವು ಹೋಗಿ ನೀನು ಬಂತು.

“ಕನ್ನಡೀಲಿ ರೋಡ್ ನೋಡೋ,” ಎನ್ನುತ್ತಿದ್ದಳು ಅವಳು.

“ರೋಡೇ ನೋಡ್ತಿದೀನಿ ಕಣೇ. ನಿನ್ ಮುಖ ಅಡ್ಡ ಬಂದ್ರೆ ನಾನೇನ್ ಮಾಡ್ಲಿ?”

ಒಂದು ಸಂಜೆ ಕುಣಿಗಲ್ ಕೆರೆ ಏರಿಯ ಮೇಲೆ ಬೈಕ್ ನಿಲ್ಲಿಸಿ, ನೀರು ನೋಡುತ್ತಾ ಹೇಳಿದ: “ನಿಮ್ಮನೇಲಿ ಹೆಣ್ ಕೇಳೋಕ್ ಬಂದ್ರೆ ಮೊದಲ್ನೇ ಮಾತೇ ಮನೆದೇವ್ರು ಯಾವ್ದು ಅಂತ. ನಾನು ಬಾಯ್ ಬಾಯ್ ಬಿಡ್ಬೇಕು. ಸಿಕ್ಕಿದ ದಿನಾನೇ ಬಂದು ಕೇಳ್ತೀನಿ. ಆಗ್ಬೋದಾ?”

ಅವಳು ಅವನ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಬೇಗ ಹುಡುಕು ಮತ್ತೆ,” ಎಂದಳು. ಅಷ್ಟು ಖುಷಿಯಾಗಿದ್ದ ನೆನಪು ಅವಳಿಗೆ ಹಿಂದೆಂದೂ ಇರಲಿಲ್ಲ.

ಕಾರ್ತಿಕದಲ್ಲಿ ತನುಶ್ರೀಯ ಮನೆಯವರು ಕುಣಿಗಲ್ ಕಡೆಯ ತಮ್ಮ ಮನೆದೇವರು ಸೂಜಿಬೆಟ್ಟದ ಕೆಂಪಮ್ಮನ ಪೂಜೆಗೆ ಹೋದರು. ಹುಟ್ಟಿದಾಗಿನಿಂದ ನೋಡಿದ ಗುಡಿ. ಬಣ್ಣದ ಗೋಪುರ, ಟೈಲ್ಸ್ ನೆಲ, ಸ್ಟೀಲ್ ಕಂಬಿ. ಊರೂರಿನ ಗುಡಿ ಗುರುತು ಮಾಡಿದವಳು ಇದೊಂದನ್ನು ಮಾಡಿರಲಿಲ್ಲ. ದಾರಿ ಗೊತ್ತಿರುವ ಮನೆಗೆ ಮ್ಯಾಪು ಯಾಕೆ ಎಂದುಕೊಂಡಿದ್ದಳು.

ಅಡುಗೆಗೆ ನೀರು ಹಿಡಿಯಲು ಗುಡಿಯ ಹಿಂದಕ್ಕೆ ಹೋದಾಗ ಬಿಂದಿಗೆ ಅಲ್ಲೇ ಇಳಿಸಿದಳು. ಮುಚ್ಚಿಹಾಕಿದ ಕಲ್ಲಿನ ಬಾಗಿಲು. ಅದರ ಮೇಲೆ ಬಾಗಿ ನಿಂತ ಸೀಳುಬಂಡೆ.

“ಮೊದ್ಲು ಇದೇ ಮುಂಬಾಗ್ಲು ಕಣವ್ವ,” ಎಂದರು ಹಿಂದೆಯೇ ಬಂದ ಮುದಿ ಪೂಜಾರಿ ಅಡವಿಯಪ್ಪ. “ಗುಡಿ ಹೊಸದಾಗಿ ಕಟ್ಟುವಾಗ ವಾಸ್ತು ಅಂತ ಪೂರ್ವಕ್ಕೆ ತಿರುಗ್ಸುದ್ರು.” ಅವಳು ತಾಳೆ ನೋಡಲು ಮೊಬೈಲಿನಲ್ಲಿ ತೆಗೆದಿದ್ದ ಹಳೇ ಫೋಟೊಗೆ ಬಗ್ಗಿ ಕಣ್ಣು ಕಿರಿದು ಮಾಡಿದರು. “ಇವ್ನು ತಿಪ್ಪಯ್ಯ ಅಲ್ವಾ? ನಿಮ್ ತಾತನ ಚಿಕ್ಕಪ್ಪನ ಮಗ. ಬಾವಿ ಜಗಳದಲ್ಲಿ ಊರು ಬುಟ್ಟು ಹೋದೋನು. ಅವನ ಮಕ್ಳು ಮರಿ ಎಲ್ಲವ್ರೆ?”

ಒಂದೇ ಮನೆದೇವರು, ಒಂದೇ ಕುಲ, ಒಂದೇ ರಕ್ತ. ಅವಳ ತಾತನಿಗೂ ಗೋವಿಂದರಾಜುವಿನ ತಾತನಿಗೂ ಅಣ್ಣತಮ್ಮಂದಿರ ವಾವೆ. ಹಾಗಾದರೆ ಅವನು ಅವಳಿಗೆ ಅಣ್ಣ. ಇನ್ನು ಯಾರೂ ಏನೂ ಬಿಡಿಸಿ ಹೇಳಬೇಕಿರಲಿಲ್ಲ.

“ಗೊತ್ತಿಲ್ಲ ತಾತ. ಎಲ್ಲೋ ಸಿಕ್ಕಿದ ಫೋಟೊ,” ಎಂದಳು ತನುಶ್ರೀ.

ಅವಳು ಯಾರಿಗೂ ಹೇಳಲಿಲ್ಲ. ಭಾನುವಾರ ಬಂದರೆ ಅವನನ್ನು ಆ ಗುಡಿ ಇಲ್ಲದ ಕಡೆಗೆಲ್ಲ ಕರೆದುಕೊಂಡು ಹೋದಳು. ಈ ಬೆಟ್ಟ ನೋಡೋಣ, ಆ ಹಳ್ಳಿ ನೋಡೋಣ ಎಂದಳು. ಜಾಗದ ವಿಷಯದಲ್ಲಿ ಯಾವತ್ತೂ ಸುಳ್ಳು ಹೇಳದವಳು ಸಲೀಸಾಗಿ ಹೇಳಿದಳು. ಅವನ ಬೆನ್ನಿಗೆ ಹಣೆ ಒತ್ತಿ ಕೂತು, ಗುಡಿ ಸಿಗದಿದ್ದರೆ ಯಾರ ಗಂಟೇನು ಹೋಗುತ್ತದೆ ಎಂದು ತನ್ನಷ್ಟಕ್ಕೇ ವಾದಿಸಿದಳು.

ಹೋಗುವ ಗಂಟು ದೊಡ್ಡಗಂಗಮ್ಮನದು. ಗೋವಿಂದರಾಜುವಿನ ತಾಯಿಯನ್ನು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಸೇರಿಸಿದ್ದರು. ತನುಶ್ರೀ ನೋಡಲು ಹೋದಾಗ ಆಕೆ ಮಗನಿಗೆ ಸಮಾಧಾನ ಹೇಳುತ್ತಿದ್ದರು: “ಹುಡುಕಿದ್ದು ಸಾಕು ಬುಡಪ್ಪ. ಆ ದೇವ್ರಿಗೇ ನಾವ್ ಬೇಡ್ವೇನೋ.” ತನುಶ್ರೀ ತಂದಿದ್ದ ಮೂಸಂಬಿ ಚೀಲವನ್ನು ಮಂಚದ ಪಕ್ಕ ಇಟ್ಟು ಹೊರಗೆ ಬಂದು ಅತ್ತಳು.

ಕಾರಿಡಾರಿಗೆ ಬಂದ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ಗೋಡೆಗೆ ಒರಗಿದ.

“ಯಾವಾಗಿಂದ ಗೊತ್ತು?”

“ಕಾರ್ತಿಕದಿಂದ.”

“ಮತ್ತೆ ಇಷ್ಟು ದಿನ ಯಾಕೆ ಸುತ್ತಾಡಿಸ್ದೆ?”

“ನಿನ್ ಜೊತೆ ಇರ್ಬೇಕಿತ್ತು ಕಣೋ.”

ಅವನು ಅವಳ ಕೈ ಹಿಡಿದುಕೊಂಡ. “ಯಾರಿಗೂ ಹೇಳೋದ್ ಬೇಡ ತನು. ನಂಗೆ ದೇವ್ರು ಬೇಡ, ನೀನ್ ಸಾಕು. ಎಲ್ಲಾದ್ರೂ ಹೋಗಿ ರಿಜಿಸ್ಟರ್ ಮಾಡ್ಕೊಳ್ಳೋಣ.”

“ನಿಮ್ಮಮ್ಮಂಗೆ ಬೇಕು. ಹೇಳ್ದೇ ಇದ್ರೆ ದಿನಾ ಅವ್ರ ಮುಖ ನೋಡ್ತೀಯ. ಆಮೇಲೆ ನನ್ ಮುಖಾನೂ ನೋಡೋಕಾಗಲ್ಲ ನಿಂಗೆ.”

ಅವನೆದುರಿಗೇ ಅವಳು ಮೊಬೈಲ್ ತೆಗೆದು ಕೆಂಪಮ್ಮನ ಗುಡಿಯ ಜಾಗವನ್ನು ಅವನಿಗೆ ಕಳಿಸಿದಳು.

ಸಂಕ್ರಾಂತಿ ಕಳೆದು ದೊಡ್ಡಗಂಗಮ್ಮ ಮಗನ ತೋಳು ಹಿಡಿದು ಸೂಜಿಬೆಟ್ಟ ಹತ್ತಿದರು. ತನುಶ್ರೀಯ ಅಪ್ಪ, ಕಳೆದುಹೋಗಿದ್ದ ದಾಯಾದಿಗಳು ಸಿಕ್ಕಿದರೆಂದು, ಮುಂದೆ ನಿಂತು ಪೂಜೆ ಮಾಡಿಸಿದರು. ಮುಚ್ಚಿದ ಕಲ್ಲಿನ ಬಾಗಿಲಿಗೆ ಹಣೆ ಹಚ್ಚಿ ಆ ಮುದುಕಿ ಮಗುವಿನ ಹಾಗೆ ಅತ್ತರು.

ಹೊರಡುವಾಗ ತನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಂಕುಮ ಇಟ್ಟರು, ಮಡಿಲಿಗೆ ಹೊಸ ಸೀರೆ ಹಾಕಿದರು.

“ಅಣ್ಣತಮ್ಮಂದ್ರು ಎಷ್ಟು ಜನವ್ವ ನಿಂಗೆ?”

“ಯಾರೂ ಇಲ್ಲ. ನಾನೊಬ್ಳೇ.”

“ಇಷ್ಟು ದಿನ ಇರ್ಲಿಲ್ಲ, ಇನ್ಮೇಲೆ ಇವನಿದಾನೆ. ನಿನ್ ಮದ್ವೆಗೆ ತವರಿನ ಮಡಿಲಕ್ಕಿ ಇವ್ನೇ ಹೊತ್ಕೊಂಡು ಬರ್ತಾನೆ.” ಅವಳ ಗಲ್ಲ ಸವರಿದರು. “ನಿಮ್ ಬಸ್ಸಿಗೆ ಹೊತ್ತಾಯ್ತು. ಅಣ್ಣಂಗೆ ಹೇಳ್ಬುಟ್ಟು ಹೋಗು.”

ಗೋವಿಂದರಾಜು ಗುಡಿಯ ಕಂಬಿ ಹಿಡಿದು ನಿಂತಿದ್ದ. ಅವನ ಗಲ್ಲದ ಮೇಲೆ ಗಡ್ಡ ಬೆಳೆದಿತ್ತು, ಕಣ್ಣು ಅವಳನ್ನು ಬಿಟ್ಟು ಕದಲುತ್ತಿರಲಿಲ್ಲ. ಅಪ್ಪ, ಅಮ್ಮ, ಅಡವಿಯಪ್ಪ, ಎಲ್ಲರೂ ನಗುಮುಖದಿಂದ ಇತ್ತಲೇ ನೋಡುತ್ತಿದ್ದರು.

ತನುಶ್ರೀ ಸೀರೆಯನ್ನು ಎದೆಗೆ ಒತ್ತಿಕೊಂಡು ಎದ್ದಳು.

“ಬರ್ತೀನಣ್ಣ.”

ಅವನ ಕೈ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

“ಹುಷಾರಾಗಿ ಹೋಗಮ್ಮ,” ಎಂದ.